ಸಾರ್ವಜನಿಕರು ಅಂದ್ರೆ ನಾನೇ

ನಮ್ಮ ಬೀದಿಯ ಹಂಪ್ ಸರಿಯಾಗಿ ನಿಮ್ಮ ಗೇಟಿನ ಮುಂದೆಯೇ ಯಾಕಿದೆ ಎಂದು ಹೊಸಬರೆಲ್ಲ ನನ್ನನ್ನು ಕೇಳುತ್ತಾರೆ. ಹಳಬರು ಕೇಳುವುದಿಲ್ಲ. ಅವರು ಸುಮ್ನೆ ನನ್ನ ಮುಖ ನೋಡಿ ನಗುತ್ತಾರೆ.

ಇದೆಲ್ಲ ಶುರುವಾದದ್ದು ಒಂದು ನೋಟಿಸಿನಿಂದ. ಅದನ್ನು ಕರೆಂಟು ಕಂಬಕ್ಕೆ ಅಂಟಿಸಿದ್ದರು. ಅದರ ಮೇಲೆ ಇನ್ಯಾರೋ "ಮನೆ ಬಾಡಿಗೆಗಿದೆ" ಎಂಬ ಚೀಟಿ ಅಂಟಿಸಿದ್ದರು. ಹಾಗಾಗಿ ನನಗೆ ಕಂಡದ್ದು ಇಷ್ಟು: "ಬೀದಿ ಅಭಿವೃದ್ಧಿ ಕುರಿತು ಸಾರ್ವಜನಿಕರ ಅಹವಾಲು... ಬೆಳಿಗ್ಗೆ 11 ಗಂಟೆಗೆ... ತಪ್ಪದೆ ಹಾಜರಾಗಿ." ತಾರೀಕು ಬಾಡಿಗೆ ಮನೆಯ ಅಡಿಗೆ ಸೇರಿಹೋಗಿತ್ತು. ಉಗುರಿನಿಂದ ಮೆಲ್ಲಗೆ ಕೆರೆಯುತ್ತಾ ನಿಂತಿದ್ದೆ. ಮನೆ ಮಾಲೀಕರು ಹಿಂದಿನಿಂದ ಬಂದು, "ಯಾಕ್ರೀ ನಮ್ಮ ಚೀಟಿ ಕೀಳ್ತಿದ್ದೀರಾ?" ಎಂದು ಜಗಳಕ್ಕೇ ನಿಂತರು. ನನ್ನ ಸಾರ್ವಜನಿಕ ಜೀವನದ ಮೊದಲ ಗಳಿಗೆ ಅದು.

ತಾರೀಕೇನೋ ಸಿಕ್ಕಿತು. ವಾರದ ನಡುವಿನ ದಿನ. ಬೆಳಿಗ್ಗೆ 11 ಅಂದರೆ ಕೆಲಸಕ್ಕೆ ಹೋಗುವವರು ಕೆಲಸದಲ್ಲಿರುತ್ತಾರೆ, ಮನೆಯಲ್ಲಿರುವವರು ಮನೆಗೆಲಸದಲ್ಲಿರುತ್ತಾರೆ. ಸಾರ್ವಜನಿಕರನ್ನು ಕರೆಯಲೂ ಬೇಕು, ಅವರು ಬರಲೂ ಬಾರದು ಎಂದರೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ. ನನಗೆ ಅಂದು ರಜೆ ಇತ್ತು. ಅದೇ ತಪ್ಪಾಯಿತು.

ನಮ್ಮ ಬೀದಿಗೆ ಹಂಪ್ ಬೇಕಾಗಿದ್ದದ್ದು ನಿಜ. ಎರಡು ದೊಡ್ಡ ರಸ್ತೆಗಳ ನಡುವಿನ ಒಳದಾರಿ ಅದು. ಸಿಗ್ನಲ್ ತಪ್ಪಿಸಿಕೊಳ್ಳಲು ಬೈಕಿನವರೆಲ್ಲ ಇಲ್ಲಿಂದಲೇ ನುಗ್ಗುತ್ತಾರೆ. ಒಬ್ಬ ಹುಡುಗ ನಮ್ಮ ಗೇಟಿನ ಪಕ್ಕದ ಹೂಕುಂಡವನ್ನು ಹಾರಿಸಿಕೊಂಡೇ ಹೋದ. ಕುಂಡ ಚೂರಾಯಿತು. ಹುಡುಗ ಹಿಂತಿರುಗಿಯೂ ನೋಡಲಿಲ್ಲ.

ಸಭೆಗೆ ಮೊದಲು ಬೀದಿಯವರನ್ನೆಲ್ಲ ಒಂದು ಮಾತು ಕೇಳೋಣ ಎಂದು ಮನೆಮನೆಗೆ ಹೋದೆ. ಹಂಪ್ ಬೇಡ ಎಂದವರು ಒಬ್ಬರೂ ಇಲ್ಲ. "ಬೇಕೇ ಬೇಕು ಕಣ್ರೀ, ಎಷ್ಟು ದಿನದಿಂದ ಹೇಳ್ತಿದ್ದೀವಿ" ಎಂದು ಎಲ್ಲರೂ ಹೇಳಿದರು. ಆಮೇಲೆ ದನಿ ತಗ್ಗಿಸಿ, "ನಮ್ಮನೆ ಮುಂದೆ ಬೇಡ, ಸ್ವಲ್ಪ ಆ ಕಡೆ ಹಾಕಿಸಿ" ಎಂದೂ ಹೇಳಿದರು. ಬೀದಿಯ ಈ ತುದಿಯವರು ಆ ಕಡೆ ಎಂದರು. ಆ ತುದಿಯವರು ಈ ಕಡೆ ಎಂದರು. ನಮ್ಮ ಮನೆ ಬೀದಿಯ ನಟ್ಟನಡುವೆ ಇದೆ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

"ನಿಮಗ್ಯಾಕ್ರೀ ಇಲ್ಲದ ಉಸಾಬರಿ? ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತ ಕೇಳಿಲ್ವಾ?" ಎಂದಳು ನನ್ನ ಹೆಂಡತಿ. ಕೇಳಿದ್ದೆ. ಆದರೆ ಅಷ್ಟು ಹೊತ್ತಿಗೆ ಭಾಷಣ ಬರೆಯಲು ಕುಳಿತುಬಿಟ್ಟಿದ್ದೆ.

ಭಾಷಣವೆಂದರೆ ಅಂತಿಂಥ ಭಾಷಣವಲ್ಲ. ರಾತ್ರಿ ಒಂದು ಗಂಟೆಯವರೆಗೆ ಓದಿ ಬರೆದದ್ದು. ಬೈಕಿನ ವೇಗ 30 ಕಿಲೋಮೀಟರಿನಿಂದ 60ಕ್ಕೆ ಏರಿದರೆ ಡಿಕ್ಕಿಯ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದೆ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ನಗರಾಡಳಿತದ ಬಜೆಟ್ಟಿನ ಒಂದು ಪಾಲನ್ನು ಎಲ್ಲಿ ಖರ್ಚು ಮಾಡಬೇಕೆಂದು ಬಡಾವಣೆಯ ಜನರೇ ಸಭೆ ಸೇರಿ ಹೇಳುವ ಪದ್ಧತಿ ಬಂತು. ಅದನ್ನೂ ಸೇರಿಸಿದ್ದೆ. ಜೊತೆಗೆ ಹಂಪಿನ ಅಳತೆ. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ವಾಟ್ಸ್ ಎಂಬವರು ಬೇರೆ ಬೇರೆ ಆಕಾರದ ಹಂಪುಗಳ ಮೇಲೆ ಗಾಡಿ ಓಡಿಸಿ ನೋಡಿದರು. ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ ಇರುವ ದುಂಡನೆಯ ಹಂಪ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕಂಡುಕೊಂಡರು. ಮೆಲ್ಲಗೆ ಹೋದವನಿಗೆ ತೊಟ್ಟಿಲು, ಜೋರಾಗಿ ಹೋದವನಿಗೆ ಏಟು. ಎಷ್ಟು ಚೆಂದ ಅಲ್ವಾ? ಈ ವಾಕ್ಯ ಓದುವಾಗ ಎಲ್ಲಿ ನಿಲ್ಲಿಸಿ ಚಪ್ಪಾಳೆಗೆ ಕಾಯಬೇಕು ಎಂದೂ ಗುರುತು ಹಾಕಿಕೊಂಡಿದ್ದೆ.

ಸಭಾಂಗಣದ ಬಾಗಿಲಲ್ಲಿ ಒಂದು ರಿಜಿಸ್ಟರ್ ಇತ್ತು. ಕ್ರಮ ಸಂಖ್ಯೆ, ಹೆಸರು, ವಿಳಾಸ, ಸಹಿ. ಮೊದಲ ಸಾಲಿನಲ್ಲಿ ಅಚ್ಚುಕಟ್ಟಾಗಿ ಬರೆದೆ. "ಇದರಲ್ಲೂ ಒಂದು ಹಾಕಿಬಿಡಿ ಸಾರ್" ಎಂದು ಗುಮಾಸ್ತರು ಇನ್ನೊಂದು ಹಾಳೆ ಚಾಚಿದರು. ಅದರ ತಲೆಬರಹದ ಭಾಗ ಮಡಚಿಕೊಂಡಿತ್ತು. ಹಾಕಿದೆ. ಸಹಿಗೆ ಕೊರತೆಯೇ?

ಒಳಗೆ "ಸಾರ್ವಜನಿಕರು" ಎಂಬ ಫಲಕದ ಹಿಂದೆ ನಲವತ್ತು ಕುರ್ಚಿ. ಅದರಲ್ಲಿ ನಾನು ಮತ್ತು ಒಬ್ಬ ಅಜ್ಜ. ಅಜ್ಜನಿಗೆ ಬೇಕಾಗಿದ್ದದ್ದು ಪಕ್ಕದ ಕೋಣೆಯ ಒಂದು ಸರ್ಟಿಫಿಕೇಟು. ಅಲ್ಲಿ ಕುರ್ಚಿ ಇರಲಿಲ್ಲ, ಇಲ್ಲಿ ಫ್ಯಾನೂ ಇತ್ತು. ಸಭೆ ಶುರುವಾಗುವ ಮೊದಲೇ ಅವರು ಗೊರಕೆ ಶುರು ಮಾಡಿದ್ದರು.

ಸಭೆ ಮಾತ್ರ ಶುರುವಾಗಲಿಲ್ಲ. ಕೋರಂ ಇಲ್ಲ ಎಂದರು. ಅಂದರೆ ಇಷ್ಟು ಸದಸ್ಯರಾದರೂ ಇರಲೇಬೇಕು ಎಂಬ ಲೆಕ್ಕ ತುಂಬಿಲ್ಲ ಎಂದು. ಒಬ್ಬರು ಬಂದರೆ ಇನ್ನೊಬ್ಬರು ಫೋನ್ ಹಿಡಿದು ಹೊರಗೆ ಹೋಗುತ್ತಿದ್ದರು. ಕೊನೆಗೆ ಬಾಗಿಲಿಗೆ ಅಡ್ಡ ಒಬ್ಬರನ್ನು ನಿಲ್ಲಿಸಿ ಎಣಿಸಿದರು. ತುಂಬಿತು.

ಮೊದಲ ವಿಷಯ: ಇಡೀ ಬಡಾವಣೆಯ ಒಳಚರಂಡಿ ಕೊಳವೆಗಳನ್ನು ಕಿತ್ತು ಹೊಸದು ಹಾಕುವುದು. ದೊಡ್ಡ ಕೆಲಸ, ದೊಡ್ಡ ಹಣ, ನಕ್ಷೆಯೇ ಒಂದು ಕಟ್ಟು ಇತ್ತು. ಅಧ್ಯಕ್ಷರು ವಿಷಯ ಓದಿದರು. "ಆಗಬಹುದು" ಎಂದು ಒಂದು ದನಿ ಬಂತು. ಆಯಿತು. ನಾನು ಬ್ಯಾಗಿನಿಂದ ಪೆನ್ನು ತೆಗೆಯುವಷ್ಟರಲ್ಲಿ ಒಳಚರಂಡಿ ಮುಗಿದಿತ್ತು.

ಎರಡನೆಯ ವಿಷಯ: ಪಾರ್ಕಿನ ಎರಡು ಬೆಂಚಿಗೆ ಯಾವ ಬಣ್ಣ ಬಳಿಯಬೇಕು.

ಇಲ್ಲಿ ಎಲ್ಲರಿಗೂ ಎಚ್ಚರವಾಯಿತು. ಹಸಿರು ಎಂದರು ಒಬ್ಬರು. ಗಿಡವೂ ಹಸಿರು, ಬೆಂಚೂ ಹಸಿರಾದರೆ ಬೆಂಚು ಕಾಣುವುದು ಹೇಗೆ ಎಂದರು ಇನ್ನೊಬ್ಬರು. ಕಾಣದಿದ್ದರೂ ಕೂರಬಹುದಲ್ಲ ಎಂದರು ಮೊದಲಿನವರು. ನೀಲಿ ಬಿಸಿಲಿಗೆ ಮಾಸುತ್ತದೆ. ಕೆಂಪು ಕಣ್ಣಿಗೆ ಹೊಡೆಯುತ್ತದೆ. ಬಿಳಿ ಬಳಿದರೆ ಒರೆಸುವವರು ಯಾರು? ನಡುವೆ ಎಚ್ಚರಗೊಂಡ ಅಜ್ಜ, "ಕಂದು ಬಣ್ಣ ಹಾಕ್ರಪ್ಪ, ಕೊಳೆ ಕಾಣಲ್ಲ" ಎಂದು ಹೇಳಿ ಮತ್ತೆ ಮಲಗಿದರು. ಇಡೀ ದಿನದಲ್ಲಿ ಕೆಲಸಕ್ಕೆ ಬಂದ ಸಾರ್ವಜನಿಕ ಸಲಹೆ ಅದೊಂದೇ.

ಪಾರ್ಕಿನ್‌ಸನ್ ಎಂಬ ಬ್ರಿಟಿಷ್ ಇತಿಹಾಸಕಾರರು 1957ರಲ್ಲೇ ಇಂಥ ಸಭೆಯ ಜಾತಕ ಬರೆದಿಟ್ಟಿದ್ದಾರೆ. ಅವರು ಕಲ್ಪಿಸಿದ ಸಮಿತಿ ಅಣು ಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ. ಸೈಕಲ್ ನಿಲ್ಲಿಸುವ ಶೆಡ್ಡಿಗೆ 45 ನಿಮಿಷ ತೆಗೆದುಕೊಳ್ಳುತ್ತದೆ. ಅಣು ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ, ಅದಕ್ಕೇ. ಮೊದಲ ಸಲ ಓದಿದಾಗ ತಮಾಷೆ ಎಂದುಕೊಂಡಿದ್ದೆ. ಬೆಂಚಿನ ಚರ್ಚೆ 50 ನಿಮಿಷ ನಡೆಯಿತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಕಂದು ಬಣ್ಣದಲ್ಲೂ ಎರಡು ಥರ ಇದೆ ಎಂದು ಕೈ ಎತ್ತಿದವನು ನಾನೇ.

ನನ್ನ ಸರದಿ ಬಂದಾಗ ಒಂದೂವರೆ ಗಂಟೆ ದಾಟಿತ್ತು. "ಸಾರ್ವಜನಿಕರು ಮೂರು ನಿಮಿಷದಲ್ಲಿ ಮುಗಿಸಬೇಕು" ಎಂದರು ಅಧ್ಯಕ್ಷರು. ಮೈಕ್ ಮುಂದೆ ನಿಂತು "ಮಾನ್ಯ ಅಧ್ಯಕ್ಷರೇ" ಎಂದೆ. ಮೈಕ್ ಕೀಂಯ್ ಎಂದಿತು. ಒಬ್ಬರು ಬಂದು ತಟ್ಟಿದರು, ತಿರುಗಿಸಿದರು, ವೈರ್ ಕಿತ್ತು ಮತ್ತೆ ಚುಚ್ಚಿದರು. ಅಷ್ಟರಲ್ಲಿ ಎರಡೂವರೆ ನಿಮಿಷ ಹೋಯಿತು. ವಾಟ್ಸ್ ಹೋದರು, ಬ್ರೆಜಿಲ್ ಹೋಯಿತು, ನಾಲ್ಕು ಪಟ್ಟಿನ ಹೊಡೆತವೂ ಹೋಯಿತು.

"ನಮ್ಮ ಬೀದಿಗೆ ಒಂದು ಹಂಪ್ ಬೇಕು ಸಾರ್" ಎಂದೆ.

"ಎಲ್ಲಿ ಬೇಕು?" ಎಂದರು ಎಂಜಿನಿಯರ್.

ನಾನು ಉದಾರಿಯಾದೆ. "ಎಲ್ಲಾದರೂ ಸರಿ ಸಾರ್. ಬೀದಿಯ ಮಧ್ಯಕ್ಕಿದ್ದರೆ ಎಲ್ಲರಿಗೂ ಅನುಕೂಲ" ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ವಿಚಾರಿಸಿದಾಗಲೆಲ್ಲ ಫೈಲ್ ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗಿರುತ್ತಿತ್ತು, ಅಷ್ಟೇ.

ಒಂದು ರಾತ್ರಿ ಡಾಂಬರಿನ ವಾಸನೆ ಬಂತು. ಬೆಳಿಗ್ಗೆ ಗೇಟು ತೆಗೆದರೆ ಎದುರಿಗೆ ಎಮ್ಮೆ ಮಲಗಿದಂತೆ ಹಂಪ್. ಒಂದು ಕೊನೆ ನಮ್ಮ ಗೇಟಿನ ಬುಡದಲ್ಲಿ, ಇನ್ನೊಂದು ಕೊನೆ ಎದುರು ಮನೆಯ ಖಾಲಿ ಗೋಡೆಗೆ. ಟೇಪು ತಂದು ಅಳೆದೆ. ಉದ್ದ 3.7 ಮೀಟರ್ ಅಲ್ಲ, 60 ಸೆಂಟಿಮೀಟರ್. ಎತ್ತರ 10 ಅಲ್ಲ, 18. ಮೆಲ್ಲಗೆ ಹೋದವನಿಗೂ ಏಟು, ಜೋರಾಗಿ ಹೋದವನಿಗೂ ಏಟು. ಒಂಥರಾ ಸಮಾನತೆ.

ಅದರ ಮೊದಲ ಬಲಿ ನಾನೇ. ಸ್ಕೂಟರಿನಲ್ಲಿ ಗೇಟು ದಾಟಿ ಎಡಕ್ಕೆ ತಿರುಗಿದೆ. ಮುಂದಿನ ಚಕ್ರ ಆ ಕಡೆ ಇಳಿಯಿತು, ಹಿಂದಿನದು ಈ ಕಡೆ ಉಳಿಯಿತು, ಸ್ಕೂಟರಿನ ಹೊಟ್ಟೆ ಹಂಪ್ ಮೇಲೆ ಕೂತಿತು. ಎರಡು ಕಾಲನ್ನೂ ನೆಲಕ್ಕೆ ಊರಿ ಹಿಂದೆ ಮುಂದೆ ತೂಗಾಡುತ್ತಾ ಇದ್ದೆ. ಹಿಂದಿನಿಂದ ಬಂದ ಬೈಕಿನ ಹುಡುಗ ಇಳಿದು ಬಂದು ನನ್ನನ್ನು ಎತ್ತಿ ಇಳಿಸಿದ. ನೋಡಿದರೆ ಹೂಕುಂಡ ಒಡೆದ ಹುಡುಗನೇ. "ಯಾರ್ ಸಾರ್ ಇದನ್ನ ಇಲ್ಲಿ ಹಾಕಿಸಿದ್ದು? ತಲೆ ಇಲ್ವಾ ಅವರಿಗೆ?" ಎಂದ. ನಾನೂ "ಹೌದಪ್ಪ" ಎಂದೆ.

ರಾತ್ರಿಗಳದ್ದು ಬೇರೆ ಕಥೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಲಾರಿಗೂ ಸರಿಹೋಗುತ್ತದೆ. ಸರಕು ತುಂಬಿದ ಲಾರಿ ಧಡ್ ಎಂದು ಒಮ್ಮೆ ಸದ್ದು ಮಾಡಿ ಹೋಗುತ್ತದೆ. ಖಾಲಿ ಲಾರಿಯ ಹಿಂದಿನ ಬಾಗಿಲು, ಸರಪಳಿ, ಒಳಗೆ ಬಿದ್ದ ಸನಿಕೆ ಎಲ್ಲವೂ ಒಟ್ಟಿಗೆ ಎದ್ದು ಕುಣಿದು ಕೂರುತ್ತವೆ. ಸ್ವಲ್ಪ ದಿನದಲ್ಲಿ ನನ್ನ ಹೆಂಡತಿ ಹಾಸಿಗೆಯಲ್ಲಿ ಮಲಗಿಕೊಂಡೇ "ಇದು ಖಾಲಿ" "ಇದು ಲೋಡು" ಎಂದು ಹೇಳುವಷ್ಟು ಪಳಗಿದಳು.

ಮಳೆ ಬಂತು. ರಸ್ತೆಯ ನಡುವೆ ಸ್ವಲ್ಪ ಉಬ್ಬು, ಎರಡು ಬದಿಗೆ ಸ್ವಲ್ಪ ಇಳಿಜಾರು ಇರುತ್ತದೆ. ನೀರು ಅಂಚಿಗೆ ಇಳಿದು ಅಂಚಿನ ಗುಂಟ ಹರಿದು ಹೋಗಲಿ ಎಂದು. ಹಂಪ್ ಹಾಕುವಾಗ ಅಂಚಿನಲ್ಲಿ ನೀರಿಗೆ ದಾರಿ ಬಿಡಬೇಕು. ನಮ್ಮದರಲ್ಲಿ ಬಿಟ್ಟಿರಲಿಲ್ಲ. ಬೀದಿಯ ಅರ್ಧ ನೀರು ಬಂದು ನಮ್ಮ ಗೇಟಿನ ಮುಂದೆ ಕೆರೆಯಾಯಿತು. ಬೀದಿಯ ಮಕ್ಕಳು ಕಾಗದದ ದೋಣಿ ತಂದರು. ಬರೆದಿಟ್ಟ ಭಾಷಣದ ಹಾಳೆಗಳು ಹೇಗೂ ಇದ್ದವು, ಕೊಟ್ಟೆ. ವಾಟ್ಸರ ಹಂಪ್ ನಮ್ಮ ಹಂಪಿಗೆ ಬಡಿದು ಮುಳುಗಿತು.

ಇಷ್ಟರಲ್ಲಿ ಅದು ಬೀದಿಯ ಹಂಪ್ ಆಗಿ ಉಳಿದಿರಲಿಲ್ಲ. "ನಿಮ್ಮ ಹಂಪಿನಿಂದ ನಮ್ಮ ಕಾರಿನ ಸೈಲೆನ್ಸರ್ ಹೋಯ್ತು ನೋಡಿ" ಎಂದರು ಮೂಲೆ ಮನೆಯವರು. ಮನೆ ಹುಡುಕಿಕೊಂಡು ಬರುವವರಿಗೆ "ಹಂಪ್ ಮನೆ" ಎಂದರೆ ಸಾಕಾಗುತ್ತಿತ್ತು. ಕಷ್ಟಪಟ್ಟು ಗೇಟಿಗೆ ಹಾಕಿಸಿದ ಹೆಸರಿನ ಫಲಕ ದಂಡವಾಯಿತು.

ತಡೆಯಲಾರದೆ ಎಂಜಿನಿಯರ್ ಹತ್ತಿರ ಹೋದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕೂರಿಸಿದರು, ಪೂರ್ತಿ ಕೇಳಿದರು, "ಪಾಪ, ತೊಂದರೆ ಆಗಿದೆ ನಿಮಗೆ" ಎಂದರು. ಮನಸ್ಸು ಹಗುರವಾಯಿತು. ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಎಂಬವರು 1969ರಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿ ಎಂದು ಬರೆದರು. ತುತ್ತತುದಿಯಲ್ಲಿ ಅಧಿಕಾರ ಜನರ ಕೈಯಲ್ಲೇ ಇರುತ್ತದೆ. ಕೆಳಗಿನಿಂದ ಎರಡನೆಯ ಮೆಟ್ಟಿಲಿಗೆ ಅವರಿಟ್ಟ ಹೆಸರು "ಚಿಕಿತ್ಸೆ". ಅಲ್ಲಿ ಸರಿಮಾಡುವುದು ರಸ್ತೆಯನ್ನಲ್ಲ, ದೂರು ತಂದವನನ್ನು. ಆ ಕುರ್ಚಿಯಲ್ಲಿ ಕೂತು, ತಲೆಯಾಡಿಸುತ್ತಾ, ನಾನು ನಿಂತಿರುವ ಮೆಟ್ಟಿಲು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಾಯಿತು.

"ಆದ್ರೆ ನೀವೇ ಒಪ್ಪಿದ್ದೀರಲ್ಲ ಸಾರ್?" ಎಂದು ಅವರು ಫೈಲ್ ತೆಗೆದರು. ಸಭೆಯ ನಡಾವಳಿಯಲ್ಲಿ ಹೀಗಿತ್ತು: "ಸದರಿ ಬೀದಿಯ ಸಾರ್ವಜನಿಕರು ಸರ್ವಾನುಮತದಿಂದ ಕೋರಿರುತ್ತಾರೆ. ಸ್ಥಳ: ಬೀದಿಯ ಮಧ್ಯಭಾಗ, ಅರ್ಜಿದಾರರ ಮನೆಯ ಮುಂಭಾಗ." ಕೆಳಗೆ ಸಾರ್ವಜನಿಕರ ಪಟ್ಟಿ. ಕ್ರಮ ಸಂಖ್ಯೆ 1, ನಾನು. ಪುಟ ತಿರುಗಿಸಿದರೆ, ಮಡಚಿಕೊಂಡಿದ್ದ ಹಾಳೆ. ಅದರ ತಲೆಬರಹ ಈಗ ನೆಟ್ಟಗೆ ಕಾಣುತ್ತಿತ್ತು: "ಒಪ್ಪಿಗೆ ಪತ್ರ." ಅದರಲ್ಲೂ ಕ್ರಮ ಸಂಖ್ಯೆ 1, ನಾನು.

"ತೆಗೆಸೋಕೆ ಆಗಲ್ವಾ ಸಾರ್?"

"ಯಾಕಾಗಲ್ಲ? ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಮುಂದಿನ ಸಭೆಗೆ ಬನ್ನಿ."

ಈ ಸಲ ನೋಟಿಸನ್ನು ನಾನೇ ಕಾವಲು ಕಾದೆ. ಅದರ ಮೇಲೆ ಯಾರೂ ಏನೂ ಅಂಟಿಸಲಿಲ್ಲ. ಬಾಡಿಗೆ ಮನೆಗೆ ಜನ ಬಂದಾಗಿತ್ತು. ಸಭೆಯ ದಿನ 11ಕ್ಕೆ ಮೊದಲೇ ಹೋದೆ. ಸಾರ್ವಜನಿಕರ ಕುರ್ಚಿಯಲ್ಲಿ ಒಬ್ಬ ಯುವಕ, ತೊಡೆಯ ಮೇಲೆ ದಪ್ಪ ಫೈಲು. ನೋಡಿದರೆ ಅದೇ ಬಾಡಿಗೆ ಮನೆಗೆ ಬಂದವನು. ಕಂಬದ ಎದುರಿಗೇ ಅವನ ಮಲಗುವ ಕೋಣೆಯ ಕಿಟಕಿ.

"ನಮಸ್ಕಾರ ಸಾರ್. ನಮ್ಮ ಬೀದಿ ರಾತ್ರಿ ತುಂಬಾ ಕತ್ತಲೆ ಅಲ್ವಾ? ಒಂದು ದೊಡ್ಡ ಲೈಟ್ ಕೇಳೋಣ ಅಂತ ಬಂದೆ. ಸೈನ್ ಎಲ್ಲಿ ಹಾಕ್ಬೇಕು?"

ರಿಜಿಸ್ಟರನ್ನು ಅವನ ಕಡೆ ಸರಿಸಿದೆ. ಪೆನ್ನನ್ನೂ ನಾನೇ ಕೊಟ್ಟೆ. ಅವನು ಮೊದಲ ಸಾಲಿನಲ್ಲಿ ಅಚ್ಚುಕಟ್ಟಾಗಿ ಹೆಸರು, ವಿಳಾಸ ಬರೆದ. ಗುಮಾಸ್ತರು ಇನ್ನೊಂದು ಹಾಳೆ ಚಾಚಿದರು.

"ಲೈಟ್ ಎಲ್ಲಿ ಬೇಕು ಅಂತ ಕೇಳಿದ್ರೆ ಏನ್ ಹೇಳ್ಲಿ ಸಾರ್?" ಎಂದ.

"ಎಲ್ಲಾದರೂ ಸರಿ ಅನ್ನಪ್ಪ" ಎಂದೆ.