ವಕೀಲರ ಮೇಲೆ ದೂರು ಕೊಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಹಾಕಿದ್ದ ಆಸ್ತಿ ಪಾಲಿನ ದಾವೆ ವಜಾ ಆಗಿ ಹದಿನಾಲ್ಕು ತಿಂಗಳಾಗಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ‘ನಡೀತಾ ಇದೆ ಯಜಮಾನ್ರೇ, ಡೇಟ್ ಹಾಕಿದ್ದಾರೆ’ ಅಂತ ವಕೀಲರು ಹೇಳುತ್ತಿದ್ದರು. ಹೋದಾಗಲೆಲ್ಲ ಐನೂರೋ ಸಾವಿರವೋ ಇಸಿದುಕೊಳ್ಳುತ್ತಿದ್ದರು, ರಸೀದಿ ಇಲ್ಲ. ಹಬ್ಬಕ್ಕೆ ಊರಿಗೆ ಹೋದ ನಾನು ಸುಮ್ನೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ ನೋಡಿದೆ. ವಾದಿಯೂ ಇಲ್ಲ, ವಕೀಲರೂ ಇಲ್ಲ, ದಾವೆ ವಜಾ. ಚಿಕ್ಕಪ್ಪ ಫೋನ್ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ತಮ್ಮ ಹೆಸರನ್ನು ಎರಡು ಸಲ ಓದಿದರು.

ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಮತ್ತೆ ಊರ್ಜಿತ ಮಾಡಿಸೋಕೆ ಅರ್ಜಿ ಹಾಕಬೇಕು. ಅದಕ್ಕೆ 30 ದಿನ ಗಡುವು. ತಡವಾದರೆ ಯಾಕೆ ತಡವಾಯಿತು ಅಂತ ಕೋರ್ಟಿಗೆ ಒಪ್ಪಿಸಬೇಕು. ಹಳೇ ವಕೀಲರ ಹತ್ತಿರ ಫೈಲ್ ಕೇಳೋಕೆ ಹೋದರೆ ‘ಬಾಕಿ ಫೀಸು ಕೊಟ್ಟು ತಗೊಂಡು ಹೋಗಿ’ ಅಂದರು. ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಹೇಳಿದೆ. ನಮ್ಮ ತಾಲ್ಲೂಕಿಗೆ ಆ ತೀರ್ಪು ಇನ್ನೂ ಬಂದಂತಿಲ್ಲ. ಬೇರೆ ವಕೀಲರ ಹತ್ತಿರ ಹೋದರೆ ‘ಮೊದಲು ಅವರ ಎನ್‌ಒಸಿ ತನ್ನಿ’ ಅನ್ನುತ್ತಾರೆ, ಅಂದರೆ ತಮ್ಮ ಆಕ್ಷೇಪಣೆ ಇಲ್ಲ ಅಂತ ಹಳೇ ವಕೀಲರು ಬರೆದುಕೊಡುವ ಪತ್ರ.

ಕೊನೆಗೆ ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ (ಬಾರ್ ಕೌನ್ಸಿಲ್) ದೂರು ಕೊಟ್ಟೆವು. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ದೂರಿನಲ್ಲಿ ಹುರುಳಿದೆ ಅಂತ ಪರಿಷತ್ತಿಗೆ ಅನ್ನಿಸಿದರೆ ಅದು ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿ ವಾಗ್ದಂಡನೆ ಮಾಡಬಹುದು, ಸನ್ನದು (ವಕೀಲಿಕೆ ಮಾಡುವ ಪರವಾನಗಿ) ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದಲ್ಲಿ ಮುಗಿಯದಿದ್ದರೆ ದೂರು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಹಳ್ಳಿಯವರಿಗೆ ಬೆಂಗಳೂರೇ ದೂರ, ಇನ್ನು ದೆಹಲಿ ಎಲ್ಲಿ? ಚಿಕ್ಕಪ್ಪ ರಾತ್ರಿ ಬಸ್ ಹತ್ತಿ ಎರಡು ಸಲ ಬೆಂಗಳೂರಿಗೆ ಹೋಗಿ ಬಂದರು. ಎರಡು ಸಲವೂ ವಿಚಾರಣೆ ಮುಂದಕ್ಕೆ ಹೋಯಿತು.

ನನ್ನ ತಕರಾರು ಇರುವುದು ಇಲ್ಲಿ. ಶಿಸ್ತು ಸಮಿತಿಯಲ್ಲಿ ಮೂವರು ಇರುತ್ತಾರೆ, ಮೂವರೂ ವಕೀಲರೇ. ಅವರಲ್ಲಿ ಇಬ್ಬರು ಪರಿಷತ್ತಿನ ಸದಸ್ಯರು. ಪರಿಷತ್ತಿಗೆ ಅವರನ್ನು ಆರಿಸಿ ಕಳಿಸಿದವರು ವಕೀಲರು. ಅಂದರೆ ಯಾರ ಮೇಲೆ ದೂರು ಇದೆಯೋ ಅವರಿಗೂ ಅಲ್ಲಿ ಒಂದು ವೋಟಿದೆ! ಎಲ್ಲರೂ ಪಕ್ಷಪಾತ ಮಾಡುತ್ತಾರೆ ಅಂತ ಹೇಳುತ್ತಿಲ್ಲ. ಆದರೆ ಹೊರಗೆ ಬೆಂಚಿನ ಮೇಲೆ ಕೂತ ಚಿಕ್ಕಪ್ಪನಿಗೆ ಹೇಗನ್ನಿಸಬೇಕು? ಇಂಗ್ಲೆಂಡಿನಲ್ಲಿ ಇಂಥ ದೂರು ನೋಡುವ ಲೀಗಲ್ ಒಂಬುಡ್ಸ್‌ಮನ್ ವ್ಯವಸ್ಥೆಯ ಮುಖ್ಯಸ್ಥರು ವಕೀಲರಾಗಿರಲೇಬಾರದು ಅಂತ ಕಾನೂನೇ ಇದೆ. ನಮ್ಮಲ್ಲಿ ಮೂರನೇ ಕುರ್ಚಿಗಾದರೂ ಒಬ್ಬ ನಿವೃತ್ತ ಮೇಷ್ಟ್ರನ್ನೋ ಬ್ಯಾಂಕಿನವರನ್ನೋ ಕೂರಿಸಿದರೆ ಏನು ನಷ್ಟ?

ಗ್ರಾಹಕರ ಕೋರ್ಟಿಗೆ ಹೋಗೋಣ ಅಂದರೆ ಅದೂ ಇಲ್ಲ. ಹೋಗಬಹುದು ಅಂತ 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಡಾಕ್ಟರ ಮೇಲೆ ಹೋಗಬಹುದು, ವಕೀಲರ ಮೇಲೆ ಆಗದು. ನಷ್ಟ ಕೇಳಿ ಸಿವಿಲ್ ದಾವೆ ಹಾಕಬಹುದು, ಸರಿ. ಅದಕ್ಕೂ ಒಬ್ಬ ವಕೀಲರು ಬೇಕಲ್ವಾ?

ವಕೀಲ ಮಿತ್ರರು ಬೈಯುವ ಮೊದಲೇ ಹೇಳಿಬಿಡುತ್ತೇನೆ. ಕೇಸ್ ಸೋತ ಸಿಟ್ಟಿಗೆ ದೂರು ಬರೆಯುವವರು ಜಾಸ್ತಿಯೇ ಇದ್ದಾರೆ. ಎದುರು ಪಕ್ಷದ ವಕೀಲರನ್ನು ಹೆದರಿಸೋಕೆ ದೂರು ಕೊಡುವವರೂ ಇದ್ದಾರೆ. ಅಂಥವನ್ನು ಮೊದಲ ವಾರದಲ್ಲೇ ಕಸದ ಬುಟ್ಟಿಗೆ ಹಾಕಲಿ, ಯಾಕೆ ಹಾಕಿದೆವು ಅಂತ ಎರಡು ಸಾಲು ಬರೆಯಲಿ. ಕೇಸಿನ ಡೇಟನ್ನು ಫೋನಿನಲ್ಲಿ ನೋಡುವ ಹಾಗೆ ದೂರು ಎಲ್ಲಿಗೆ ಬಂತು ಅಂತಲೂ ನೋಡುವಂತಾಗಲಿ. ಇದಕ್ಕೆ ದೊಡ್ಡ ತಿದ್ದುಪಡಿಯೇನೂ ಬೇಕಿಲ್ಲ.

ಚಿಕ್ಕಪ್ಪನಿಗೆ ಹೊಸ ವಕೀಲರು ಸಿಕ್ಕಿದ್ದಾರೆ, ಪಕ್ಕದ ಜಿಲ್ಲೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು. ಕೋರ್ಟಿನಿಂದ ದಾಖಲೆಗಳ ನಕಲು ಪಡೆದು ಅರ್ಜಿ ಹಾಕಿದ್ದಾರೆ. ಮೊದಲ ದಿನವೇ ಫೀಸಿಗೆ ರಸೀದಿ ಕೊಟ್ಟರು. ಚಿಕ್ಕಪ್ಪ ಅದನ್ನು ಪಹಣಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ.