ಹಸಿರದಾಗ ಐತ್ರಿ ತಾತ

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಕಾಲುವೆ ನೀರಿನ ಸಭೆ ಇತ್ತು. ನಮ್ಮ ಮೂರು ಎಕರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ ಅನ್ನೋದು ನಿಮಗೆಲ್ಲ ಗೊತ್ತು. ಮನೆಯವರು ರಾಯಚೂರಿಗೆ ಹೋಗಿದ್ದರು. ಶಾಲೆ ಬಿಟ್ಟ ಮೇಲೆ ಮಗನನ್ನು ಕರೆದುಕೊಂಡು ನಾನೇ ಹೋದೆ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂತಿದ್ದೆವು.

ಗೋಡೆಯ ಮೇಲೆ ದೊಡ್ಡ ನಕ್ಷೆ ಬಿಟ್ಟರು. ಈ ಸಲ ಭತ್ತಕ್ಕೆ ನೀರು ಸಿಗುವ ಊರು ಹಸಿರು. ಸಿಗದ ಊರು ಕೆಂಪು. ಆಮೇಲೆ ನೋಡೋಣ ಅನ್ನುವ ಊರು ಕಿತ್ತಳೆ. ಕೆಂಪು ಅಂದರೆ ಇಟ್ಟಿಗೆ ಕೆಂಪು. ಹಸಿರು ಅಂದರೆ ಬಾಡಿದ ಎಲೆಯ ಹಸಿರು. ಊರಿನ ಹೆಸರು ಸಣ್ಣಕ್ಷರದಲ್ಲಿ ಇತ್ತು. ಬೇರೆ ಗುರುತು ಇಲ್ಲ. ಒಂದು ಗೀರಿಲ್ಲ, ಚುಕ್ಕಿಯಿಲ್ಲ. ಇಡೀ ಊರಿನ ಹಣೆಬರಹ ಬರೀ ಬಣ್ಣದಲ್ಲಿ.

ಮಗನ ಪಕ್ಕ ಒಬ್ಬರು ವಯಸ್ಸಾದವರು ಕೂತಿದ್ದರು. ಓದಲು ಬರುವುದಿಲ್ಲ. ಶಾಲೆ ಹುಡುಗ ಅಂತ ನಂಬಿ ಕೇಳಿದ್ದಾರೆ. "ಯಪ್ಪಾ, ನಮ್ಮೂರು ಯಾವ ಬಣ್ಣದಾಗ ಐತಿ, ನೋಡಿ ಹೇಳಪ." ಇವನು ಹೆಸರು ಹುಡುಕಿ ಹೇಳಿದ್ದಾನೆ. "ಹಸಿರದಾಗ ಐತ್ರಿ ತಾತ."

ಅದು ಕೆಂಪಿನಲ್ಲಿತ್ತು.

ಸಭೆ ಮುಗಿದ ಮೇಲೆ ಚಹಾದಂಗಡಿ ಹತ್ತಿರ ಆ ತಾತ ಇನ್ನೊಬ್ಬರಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. ನಮ್ಮೂರಿಗೆ ನೀರು ಬರುತ್ತಂತೆ, ನಾಳೆಯೇ ಸಸಿಮಡಿ ಮಾಡುತ್ತೇನೆ ಅಂತ. ಊರಿನ ಹೆಸರು ಕೇಳಿ ನನಗೆ ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನಿಜ ಹೇಳಿದೆ. ಅವರು ನನ್ನ ಮಗನ ಮುಖ ನೋಡಿದರು. ಬೈಯಲಿಲ್ಲ. ಸುಮ್ನೆ ನೋಡಿದರು. ಮನೆಗೆ ಬರುವ ತನಕ ಹುಡುಗ ಒಂದು ಮಾತಾಡಲಿಲ್ಲ.

ಅವನಿಗೆ ಬಣ್ಣಗುರುಡು, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಈ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದು ನನಗೆ ಗೊತ್ತಾಗಿದ್ದು 2020ರಲ್ಲಿ. ಆ ವರ್ಷ ಮೇ ತಿಂಗಳ ಶುರುವಿನಲ್ಲಿ ಕೊರೋನಾಕ್ಕೆ ಜಿಲ್ಲೆಗಳಿಗೆಲ್ಲ ಬಣ್ಣ ಹಚ್ಚಿದ್ದರು. ನಮ್ಮ ರಾಯಚೂರು ಹಸಿರು, ಕೊಪ್ಪಳ ಹಸಿರು, ಬಳ್ಳಾರಿ ಕಿತ್ತಳೆ. ತವರಿಗೆ, ಸಿರುಗುಪ್ಪದ ಕಡೆ ಹೋಗಬೇಕು ಅಂತ ಹಟ ಹಿಡಿದಿದ್ದ. ಟೀವಿ ಮುಂದೆ ನಿಂತು, "ಅಮ್ಮ, ತಾತನ ಊರೂ ನಮ್ಮೂರೂ ಒಂದೇ ಬಣ್ಣ, ಹೋಗೋಣ" ಅಂದ. ತುಂಟತನ ಅಂದುಕೊಂಡೆ. ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದ.

ಅದಕ್ಕೂ ಎರಡು ವರ್ಷ ಹಿಂದೆ ಅವನು ಕಾಡಿನ ನಕ್ಷೆಯಲ್ಲಿ ಪಶ್ಚಿಮ ಘಟ್ಟಕ್ಕೆ ಹಸಿರಿನ ಬದಲು ಕಂದು ಬಣ್ಣ ತುಂಬಿದ್ದಕ್ಕೆ ನಾನು ಕೈಮೇಲೆ ಹೊಡೆದಿದ್ದೆ. ಸಮಾಜ ವಿಜ್ಞಾನ ಕಲಿಸುವ ನಾನು. ಮಕ್ಕಳಿಗೆ ನಕ್ಷೆ ಓದಲು ಕಲಿಸಿ ಸಂಬಳ ತಗೊಳ್ಳುವ ನಾನು. ಆ ಏಟು ನೆನಪಾದರೆ ಈಗಲೂ ಕಣ್ಣು ತುಂಬುತ್ತದೆ.

ರಾಯಚೂರಿನಲ್ಲಿ ಕಣ್ಣಿನ ಡಾಕ್ಟರು ಚುಕ್ಕಿಗಳ ಪುಸ್ತಕ ತೆಗೆದು ತೋರಿಸಿದರು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುತ್ತದಲ್ಲ, ಅದು. ಜಪಾನಿನ ಇಶಿಹಾರ ಅನ್ನುವವರು 1917ರಲ್ಲಿ ಮಾಡಿದ ಪರೀಕ್ಷೆ. ನನಗೆ ಎದ್ದು ಕಾಣುವ ಅಂಕಿ ಅವನಿಗೆ ಕಾಣಲೇ ಇಲ್ಲ. ಕಣ್ಣಿನ ಒಳಪರದೆಯಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ. ಅದರಲ್ಲಿ ಕೆಂಪು ಹಿಡಿಯುವ ಬಗೆಯೋ ಹಸಿರು ಹಿಡಿಯುವ ಬಗೆಯೋ ಇಲ್ಲದಿದ್ದರೆ, ಅಥವಾ ಸ್ವಲ್ಪ ಬೇರೆ ಥರ ಇದ್ದರೆ, ಕೆಂಪು, ಹಸಿರು, ಕಂದು, ಕಿತ್ತಳೆ ಒಂದರೊಳಗೊಂದು ಕಲೆಸಿಹೋಗುತ್ತವೆ. ತಾಯಿಯಿಂದ ಮಗನಿಗೆ ಬರುತ್ತದೆ ಅಂದರು. ನನಗೆ ಬಂದಿದ್ದು ನನ್ನ ಅಪ್ಪನಿಂದ. ಆಗ ಹೊಳೆಯಿತು. ಮೆಣಸಿನಕಾಯಿ ಬಿಡಿಸುವಾಗ ಅಪ್ಪ ಹಣ್ಣು ಯಾವುದು, ಕಾಯಿ ಯಾವುದು ಅಂತ ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಹಸಿಕಾಯಿ ಬುಟ್ಟಿಗೆ ಬಿದ್ದರೆ ಅವ್ವ ರೇಗುತ್ತಿದ್ದಳು. ಅಪ್ಪ ಒಂದು ದಿನವೂ ಎದುರು ಮಾತಾಡಲಿಲ್ಲ. ತಮಗೆ ಕಾಣುತ್ತಿಲ್ಲ ಅಂತ ಅವರಿಗೇ ಗೊತ್ತಿರಲಿಲ್ಲ.

ಸರಿ, ನಕ್ಷೆಗೆ ಬರುತ್ತೇನೆ. ನಿನ್ನೆ ಅಲ್ಲೇ ಒಬ್ಬರ ಹತ್ತಿರ ಹೇಳಿದೆ. ಅವರು ಹೇಳಿದ್ದು, "ಮೇಡಂ, ಕೆಂಪು ಹಸಿರು ಎಲ್ಲರಿಗೂ ಗೊತ್ತಿರೋ ಬಣ್ಣ. ಟ್ರಾಫಿಕ್ ಸಿಗ್ನಲ್ ಇಲ್ವಾ? ಒಬ್ಬಿಬ್ಬರಿಗೆ ಕಾಣಲ್ಲ ಅಂತ ಬದಲಾಯಿಸೋಕಾಗುತ್ತಾ?"

ಸಿಗ್ನಲ್‌ನಲ್ಲಿ ಕೆಂಪು ಮೇಲಿರುತ್ತದೆ, ಹಸಿರು ಕೆಳಗಿರುತ್ತದೆ. ನನ್ನ ಮಗ ಬಣ್ಣ ನೋಡುವುದಿಲ್ಲ, ಯಾವ ದೀಪ ಹತ್ತಿದೆ ಅಂತ ನೋಡುತ್ತಾನೆ. ನಕ್ಷೆಯಲ್ಲಿ ಊರಿಗೆ ಮೇಲೆ ಕೆಳಗೆ ಇದೆಯಾ? ಇನ್ನು ಒಬ್ಬಿಬ್ಬರು ಅನ್ನುವ ಮಾತು. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ತೊಂದರೆ ಇದೆ. ಹೆಂಗಸರಲ್ಲಿ 200ಕ್ಕೆ ಒಬ್ಬರು. ನಮ್ಮ ದೇಶದಲ್ಲಿ ಅಷ್ಟಿಲ್ಲ, ಕಡಿಮೆ. ಆದರೂ ನಿನ್ನೆ ಅಲ್ಲಿ ಮುನ್ನೂರು ಗಂಡಸರಿದ್ದರು. ನನ್ನ ಮಗನಂಥವರು ಅವನೊಬ್ಬನೇ ಇರಲಿಕ್ಕಿಲ್ಲ. ಉಳಿದವರು ಸುಮ್ಮನೆ ಎದ್ದು ಹೋಗಿರುತ್ತಾರೆ, ನಮ್ಮಪ್ಪನ ಹಾಗೆ.

ವಯಸ್ಸಾದವರ ಕಣ್ಣು ಬೇರೆ ಕಥೆ. ಕಣ್ಣೊಳಗಿನ ಮಸೂರ ವರ್ಷ ಕಳೆದಂತೆ ಹಳದಿಯಾಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ಬಂದವರಿಗೆ ಇನ್ನೂ ಜಾಸ್ತಿ. ಕಾಲುವೆ ಸಭೆಗೆ ಬರುವವರಲ್ಲಿ ಅರ್ಧಕ್ಕರ್ಧ ಅರವತ್ತು ದಾಟಿದವರೇ. ಅವರಿಗಾಗಿ ಮಾಡಿದ ನಕ್ಷೆ ಅವರ ಕಣ್ಣಿಗೆ ಕಾಣಬೇಕು ತಾನೇ?

ಕಣ್ಣು ಚೆನ್ನಾಗಿದ್ದವರಿಗೂ ಬಣ್ಣ ಮೋಸ ಮಾಡುತ್ತದೆ. ಸೀರೆ ಅಂಗಡಿಯಲ್ಲಿ ಒಂದೇ ಬ್ಲೌಸ್ ಪೀಸನ್ನು ಎರಡು ಸೀರೆ ಮೇಲೆ ಇಟ್ಟು ನೋಡಿದ್ದೀರಾ? ಎರಡು ಬೇರೆ ಬೇರೆ ಕೆಂಪು ಅನ್ನಿಸುತ್ತದೆ. ಫ್ರಾನ್ಸಿನಲ್ಲಿ ಷೆವ್ರಲ್ ಅನ್ನುವ ರಸಾಯನ ಶಾಸ್ತ್ರಜ್ಞ ಇದ್ದ. ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ನೂಲು ಸರಿಯಾಗಿಯೇ ಇತ್ತು. ಪಕ್ಕದ ಬಣ್ಣದಿಂದ ಹಾಗೆ ಕಾಣುತ್ತಿತ್ತು. 1839ರಲ್ಲಿ ಇದನ್ನೆಲ್ಲ ಬರೆದು ಅಚ್ಚು ಹಾಕಿಸಿದ. ನಕ್ಷೆಯ ಮೂಲೆಯಲ್ಲಿ ಬಿಳಿ ಹಾಳೆಯ ಮೇಲೆ ಇರುವ ಕಿತ್ತಳೆ ಚೌಕ, ಸುತ್ತ ಹಸಿರು ಇರುವ ಊರಿನಲ್ಲಿ ಬೇರೆಯದೇ ಥರ ಕಾಣುವುದು ಇದಕ್ಕೇ.

ನಾನು ಕಲಿಸುವ ಅಟ್ಲಾಸಿನ ಮೇಲೂ ನನಗೆ ತಕರಾರಿದೆ. ತಗ್ಗು ಪ್ರದೇಶಕ್ಕೆ ಹಸಿರು, ಎತ್ತರಕ್ಕೆ ಕಂದು ಹಾಕುತ್ತಾರೆ. ಕಛ್‌ನ ರಣ ಸಮುದ್ರಮಟ್ಟಕ್ಕೆ ಹತ್ತಿರ ಇರುವ ಉಪ್ಪಿನ ಬಯಲು. ಹಾಳೆಯಲ್ಲಿ ಮಾತ್ರ ಹಸಿರೋ ಹಸಿರು. "ಅಲ್ಲಿ ಭತ್ತ ಬೆಳೀತಾರಾ ಟೀಚರ್" ಅಂತ ಪ್ರತಿ ವರ್ಷ ಒಂದು ಮಗು ಕೇಳಿಯೇ ಕೇಳುತ್ತದೆ. ಮಳೆ ನಕ್ಷೆಗೆ ಕಾಮನಬಿಲ್ಲಿನ ಬಣ್ಣ ಹಾಕಿದರೆ ಹಳದಿ ಜಾಸ್ತಿಯೋ ನೀಲಿ ಜಾಸ್ತಿಯೋ ಅಂತ ತಡಕಾಡುತ್ತಾರೆ. ಅದೇ ಒಂದೇ ಬಣ್ಣವನ್ನು ತೆಳುವಿನಿಂದ ಗಾಢಕ್ಕೆ ತಗೊಂಡು ಹೋಗಿ, ಯಾರೂ ಏನೂ ಕೇಳುವುದಿಲ್ಲ. ಎರೆ ಹೊಲಕ್ಕೆ ನೀರು ಬಿಟ್ಟರೆ ಮಣ್ಣು ಕಪ್ಪಗಾಗುತ್ತಾ ಹೋಗುತ್ತದಲ್ಲ, ಅದನ್ನು ನೋಡಿ ಬೆಳೆದ ಮಕ್ಕಳು ಅವು.

ಇದಕ್ಕೆಲ್ಲ ದುಡ್ಡು ಬೇಕಾ? ಬೇಡ. ಅಮೆರಿಕದ ಸಿಂಥಿಯಾ ಬ್ರೂವರ್ ಎಂಬ ಭೂಗೋಳದ ಪ್ರಾಧ್ಯಾಪಕಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ 'ಕಲರ್‌ಬ್ರೂವರ್' ಅಂತ ಮಾಡಿಟ್ಟಿದ್ದಾರೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ. ಬಣ್ಣ ಗುರುತಿಸಲಾಗದವರಿಗೂ ಕಾಣಬೇಕು, ಜೆರಾಕ್ಸ್ ಮಾಡಿದರೂ ಗೊತ್ತಾಗಬೇಕು ಅಂತ ಆರಿಸಿದರೆ ಅಂಥ ಬಣ್ಣಗಳನ್ನೇ ಕೊಡುತ್ತದೆ. ಅದೂ ಬೇಡ ಅಂದರೆ ನಕ್ಷೆಯನ್ನು ಒಂದು ಸಲ ಕಪ್ಪು ಬಿಳುಪು ಜೆರಾಕ್ಸ್ ಹಾಕಿಸಿ ನೋಡಿ. ನಿನ್ನೆ ಸಭೆಯಲ್ಲಿ ಹಂಚಿದ್ದೂ ಜೆರಾಕ್ಸೇ. ಕೆಂಪು, ಹಸಿರು, ಕಿತ್ತಳೆ ಮೂರೂ ಒಂದೇ ಬೂದಿ ಬಣ್ಣ! ಆ ಹಾಳೆ ಹಿಡಿದಾಗ ಅಲ್ಲಿದ್ದವರೆಲ್ಲ ನನ್ನ ಮಗನಂತೆಯೇ ಆಗಿದ್ದರು. ಯಾರಿಗೂ ಯಾವ ಊರಿಗೆ ನೀರು ಅಂತ ತಿಳಿಯಲಿಲ್ಲ. ಆಗಲಾದರೂ ಅರ್ಥವಾಗಬೇಕಿತ್ತು.

ನೀರಿಲ್ಲದ ಊರಿಗೆ ಅಡ್ಡ ಗೀರು ಹಾಕಬಹುದಿತ್ತು. ಕಿತ್ತಳೆ ಊರಿಗೆ ಚುಕ್ಕಿ ಇಡಬಹುದಿತ್ತು. ಹಸಿರಿನ ಬದಲು ಗಾಢ ನೀಲಿ, ಕೆಂಪಿನ ಬದಲು ತೆಳು ಹಳದಿ ಇಡಬಹುದಿತ್ತು. ಹತ್ತು ನಿಮಿಷದ ಕೆಲಸ.

ರಾತ್ರಿ ಊಟ ಆದ ಮೇಲೆ ಮಗನ ಫೋನಿನಲ್ಲಿದ್ದ ಗೋಡೆ ನಕ್ಷೆಯ ಫೋಟೋ ನೋಡಿಕೊಂಡು ಆ ಜೆರಾಕ್ಸ್ ಮೇಲೆ ಬಾಲ್‌ಪೆನ್ನಿನಲ್ಲಿ ಗೀರು ಹಾಕಲು ಕೂತೆ. ನಾನು ಬಣ್ಣ ಓದಿದೆ, ಅವನು ಗೀರು ಹಾಕಿದ. ಆ ತಾತನ ಊರಿಗೆ ಬಂದಾಗ ಎರಡು ಸಲ ಕೇಳಿದ, "ಗ್ಯಾರಂಟಿ ಕೆಂಪೇನಮ್ಮ?" ಇವತ್ತು ಬೆಳಿಗ್ಗೆ ಮನೆಯವರು ಬೈಕಿನಲ್ಲಿ ಹೋಗಿ ಅವರಿಗೆ ಆ ಹಾಳೆ ಕೊಟ್ಟು ಬಂದರು. ಸಸಿಮಡಿಗೆ ಇನ್ನೂ ಬೀಜ ಹಾಕಿರಲಿಲ್ಲವಂತೆ.

ನಕ್ಷೆ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಚ್ಚಿಗೆ ಕಳಿಸುವ ಮೊದಲು ನನಗೆ ಕಳಿಸಿ. ಮಗನಿಗೆ ತೋರಿಸಿ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಅಂತ ಬರೆದು ಕಳಿಸುತ್ತೇನೆ. ಅವನನ್ನು ಕೇಳಿದ್ದೇನೆ, ಒಪ್ಪಿದ್ದಾನೆ. ಭಾನುವಾರ ಟ್ಯೂಷನ್ ಇರುವುದಿಲ್ಲ.