ಜಿಂಕೆಗೆ ಬೆನ್ನು ಮಾಡಿ ಹತ್ತು ನಿಮಿಷ ನಿಲ್ಲಿ

ನಾಮದ ಚಿಲುಮೆಗೆ ಬಂದವರು ಮಾಡುವುದು ಎರಡೇ ಕೆಲಸ. ಬಂಡೆಯಿಂದ ಜಿನುಗುವ ನೀರು ನೋಡುವುದು, ಜಿಂಕೆವನದ ಬೇಲಿ ಹಿಡಿದು ನಿಲ್ಲುವುದು. ಎರಡೂ ಸರಿಯೇ. ಆದರೆ ತುಮಕೂರಿನಿಂದ ದೇವರಾಯನದುರ್ಗದ ಕಾಡಿನವರೆಗೆ ಮಕ್ಕಳನ್ನು ಕರೆತಂದು ಬೇಲಿಯೊಳಗಿನದನ್ನಷ್ಟೇ ತೋರಿಸಿದರೆ ಅರ್ಧ ಕಾಡು ನೋಡಿದ ಹಾಗೂ ಆಗುವುದಿಲ್ಲ. ಯಾರೂ ಮೇವು ಹಾಕದೆ ಬದುಕುವ ಜೀವಗಳು ಕಾಲಬುಡದಲ್ಲೇ ಇವೆ. ಅದರಲ್ಲಿ ಮೊದಲು ಕಾಣುವುದು ಹಲ್ಲಿಯ ಬಳಗಕ್ಕೆ ಸೇರಿದ ನಮ್ಮ ಹಾವುರಾಣಿ.

ಹಾವುರಾಣಿ ಕಚ್ಚಿದರೆ ಸಾವೇ ಗತಿ ಅನ್ನುವ ಮಾತು ಇನ್ನೂ ಹೋಗಿಲ್ಲ. ಅದಕ್ಕೆ ವಿಷವಿಲ್ಲ. ಹಾವುರಾಣಿಗಷ್ಟೇ ಅಲ್ಲ, ಭಾರತದ ಯಾವ ಹಲ್ಲಿಗೂ, ಓತಿಗೂ, ಉಡಕ್ಕೂ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ಈ ಒಂದು ತಪ್ಪು ನಂಬಿಕೆಗೆ ಕೋಲಿನ ಏಟು ತಿಂದು ಸತ್ತ ಹಾವುರಾಣಿಗಳಿಗೆ ಲೆಕ್ಕವಿಲ್ಲ.

ನೋಡುವುದು ಹೇಗೆ? ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ ಒಳ್ಳೆ ಸಮಯ. ಕಲ್ಲಿಗೆ ಬಿಸಿಲು ತಾಗಿರಬೇಕು, ಕಾದಿರಬಾರದು. ಬಿಸಿಲೂ ತರಗೆಲೆಯೂ ಸೇರುವ ಅಂಚಿನಲ್ಲಿ ಹತ್ತು ಅಡಿ ದೂರ ನಿಂತುಕೊಳ್ಳಿ. ನಿಮ್ಮ ನೆರಳು ಆ ಜಾಗದ ಮೇಲೆ ಬೀಳಬಾರದು. ನೆರಳು ಬಿದ್ದರೆ ಅದಕ್ಕೆ ಹದ್ದು ಬಂದ ಹಾಗೆ. ಕಣ್ಣಿಗಿಂತ ಮೊದಲು ಕಿವಿ ಕೊಡಿ. ಎಲೆಯಲ್ಲಿ ಸರ್ರನೆ ಸದ್ದು, ನಿಶ್ಶಬ್ದ, ಮತ್ತೆ ಸರ್ರನೆ ಸದ್ದು: ಹೀಗೆ ಬಿಟ್ಟು ಬಿಟ್ಟು ಬಂದರೆ ಬಹುತೇಕ ಹಾವುರಾಣಿಯೇ. ಕಲ್ಲು ಎತ್ತಿ ಹುಡುಕಲೇಬೇಡಿ. ಕೆಳಗೆ ಚೇಳೋ ಮಂಡಲದ ಹಾವೋ ಇರಬಹುದು, ಹಾವುರಾಣಿಯ ಮೊಟ್ಟೆಯೂ ಇರಬಹುದು.

ಕಂಡ ಮೇಲೆ ಮೊಬೈಲ್‌ನಲ್ಲಿ ಜೂಮ್ ಮಾಡಿ. ಎಣ್ಣೆ ಸವರಿದ ಕಂಚಿನ ಹಾಗೆ ಮೈ ಮಿಂಚುತ್ತದೆ. ದೊಡ್ಡ ಜಾತಿಯದ್ದು ಬಾಲ ಸೇರಿ ಸುಮಾರು ಒಂದಡಿ, ಬೆನ್ನಿನ ಎರಡೂ ಬದಿಗೆ ತಿಳಿ ಹಳದಿ ಪಟ್ಟೆ. ಬೆನ್ನಿನ ಒಂದೊಂದು ಹುರುಪೆಯ ಮೇಲೂ ಸಾಮಾನ್ಯವಾಗಿ ಮೂರು ಸಣ್ಣ ಏಣುಗಳಿರುತ್ತವೆ. ಗೋಡೆಹಲ್ಲಿಗೆ ರೆಪ್ಪೆಯಿಲ್ಲ, ಇದು ಕಣ್ಣು ಮಿಟುಕಿಸುತ್ತದೆ. ಕೈಕಾಲು ಚಿಕ್ಕದಾಗಿದ್ದು ಬಾಲ ಕುಂಕುಮದಷ್ಟು ಕೆಂಪಾಗಿದ್ದರೆ ಅದು ಬೇರೆ ಜಾತಿಯ, ಚುಕ್ಕೆ ಹಾವುರಾಣಿಯ ಮರಿ. ಬೆಳೆದಂತೆ ಆ ಕೆಂಪು ಮಾಸುತ್ತದೆ.

ಬಾಲ ಹಿಡಿಯಲು ಮಕ್ಕಳನ್ನು ಬಿಡಬೇಡಿ. ಕಳಚಿದ ಬಾಲ ಮತ್ತೆ ಬರುತ್ತದೆ, ನಿಜ. ಆದರೆ ಒಳಗೆ ಮೂಳೆಯಿರುವುದಿಲ್ಲ, ಮೃದ್ವಸ್ಥಿಯ ಒಂದು ಕಡ್ಡಿ ಅಷ್ಟೇ. ಬಾಲದಲ್ಲೇ ಕೊಬ್ಬು ಶೇಖರವಾಗಿರುತ್ತದೆ, ಅದು ಹೋದರೆ ಕಷ್ಟಕಾಲದ ದಾಸ್ತಾನು ಹೋದ ಹಾಗೆ. ಅದು ಮತ್ತೆ ಬೆಳೆಯುವ ಮೊದಲೇ ಬೆಕ್ಕೋ ಕೆಂಬೂತವೋ ಎರಗಿದರೆ ಕೊಟ್ಟು ಪಾರಾಗಲು ಏನೂ ಉಳಿದಿರುವುದಿಲ್ಲ.

ಅಲ್ಲಿಂದ ಬೆಟ್ಟದ ಬೋಳು ಬಂಡೆಗಳ ಕಡೆ ಹೋದರೆ ಬಂಡೆ ಓತಿ. ಮರಿಮಾಡುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪು, ಕಿತ್ತಳೆ, ಪಕ್ಕೆ ಕಪ್ಪು. ಹೆಣ್ಣು ಬಂಡೆಯದೇ ಬಣ್ಣ. ಎದುರಾಳಿ ಕಂಡಾಗ ಒಂದು ಬಣ್ಣ, ಹೆಣ್ಣು ಕಂಡಾಗ ಇನ್ನೊಂದು, ನೋಡನೋಡುತ್ತಿದ್ದಂತೆಯೇ ಬದಲಾಗುತ್ತದೆ. ಬಂಡೆಗಳ ಸಂದಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಸಿಕ್ಕರೆ ನಿಮ್ಮ ಪುಣ್ಯ. ದಕ್ಷಿಣ ಭಾರತ ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ ಅದು. ನಂದಿಬೆಟ್ಟದಲ್ಲೂ ಇದೆ.

ಜಿಂಕೆಗಳ ಬಗ್ಗೆ ಒಂದೇ ಮಾತು. ಬಿಸ್ಕತ್ತು, ಬ್ರೆಡ್ಡು, ಅನ್ನ ಕೊಡಬೇಡಿ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ಹಿಟ್ಟಿನ ಪದಾರ್ಥ ಒಮ್ಮೆಲೇ ಬಿದ್ದರೆ ಹುಳಿತು ಆಮ್ಲವಾಗುತ್ತದೆ, ಹೊಟ್ಟೆ ಕೆಟ್ಟು ಸಾಯಲೂಬಹುದು. ಬಿಸ್ಕತ್ತಿನ ಕವರ್ ನುಂಗಿದರಂತೂ ಅದು ಅಲ್ಲೇ ಉಳಿಯುತ್ತದೆ.

ನಮ್ಮ ಜಿಲ್ಲೆಯ ಉದ್ಯಾನಗಳನ್ನು ನೋಡಿಕೊಳ್ಳುವವರಲ್ಲಿ ಒಂದು ಬೇಡಿಕೆ ಇದೆ, ತುಂಬಾ ಆಸೆಯಿಂದ ಕೇಳುತ್ತಿದ್ದೇನೆ. ಸ್ವಚ್ಛತೆ ಅಂದರೆ ಪ್ಲಾಸ್ಟಿಕ್ ಹೆಕ್ಕುವುದು, ತರಗೆಲೆ ಕಸವಲ್ಲ. ಎಲೆ ಗುಡಿಸಿ ಬೆಂಕಿ ಹಾಕಿದರೆ ಮಿಡತೆ, ಜೀರುಂಡೆ, ಜೇಡ ಸುಡುತ್ತವೆ. ಅವೇ ಹಾವುರಾಣಿಯ ಊಟ. ಎಲೆಯೊಳಗೆ ಅಡಗಿದ ಹಾವುರಾಣಿಯೂ ಸುಡುತ್ತದೆ, ಏಕೆಂದರೆ ಹೆದರಿದಾಗ ಅದು ಓಡುವುದೇ ಎಲೆಯ ಒಳಕ್ಕೆ. ನಡೆಯುವ ದಾರಿ ಬೇಕಾದರೆ ಗುಡಿಸಿ, ಬೇಲಿಯುದ್ದಕ್ಕೂ ನಾಲ್ಕಡಿ ಅಗಲದ ಪಟ್ಟಿಯನ್ನು ಮುಟ್ಟದೆ ಬಿಡಿ. ಅಲ್ಲೊಂದಿಷ್ಟು ಕಲ್ಲು ಪೇರಿಸಿ, ಸುಣ್ಣ ಸಿಮೆಂಟು ಬೇಡ, ಸಂದು ಇರಲಿ. ಪಕ್ಕದಲ್ಲಿ ಕನ್ನಡದಲ್ಲಿ ಒಂದು ಬೋರ್ಡು: "ಹಾವುರಾಣಿ. ವಿಷವಿಲ್ಲ. ಹೊಡೆಯಬೇಡಿ."